ರಿಂಗ್ ರೋಡಿಗೆ ಜಮೀನು ಹೋಗ್ತಿದೆ, ಯಾವ ಪರಿಹಾರ ಒಪ್ಪೋದು?

"ದುಡ್ಡು ತಗೊಳ್ಳೋದಾ, ಸೈಟು ತಗೊಳ್ಳೋದಾ?" ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆವರೆಗೆ, ಬೆಂಗಳೂರಿನ ಹೊರವಲಯದ ಪೆರಿಫೆರಲ್ ರಿಂಗ್ ರೋಡು ಹಾದು ಹೋಗುವ ಊರುಗಳಲ್ಲಿ ಈಗ ಇದೊಂದೇ ಮಾತು. ಡೈರಿ ಹತ್ತಿರ ಹಾಲು ಹಾಕಲು ಬಂದವರೂ ಇದನ್ನೇ ಕೇಳ್ತಾರೆ, ಬೆಂಗಳೂರಲ್ಲಿ ಕೆಲಸದಲ್ಲಿರುವ ಮಕ್ಕಳೂ ಫೋನ್ ಮಾಡಿ ಇದನ್ನೇ ಕೇಳ್ತಾರೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹೆಚ್ಚಿನವರು ಹೇಳೋದು ಎಕರೆಗೆ ಎಷ್ಟು ಅನ್ನೋ ಒಂದೇ ಲೆಕ್ಕ.

ಆ ಲೆಕ್ಕ ಬೇಕು. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ನಿಮ್ಮ ಮನೆಗೆ ಎಷ್ಟು ವರ್ಷ ಕಾಯುವ ತಾಕತ್ತಿದೆ? ಇಲ್ಲಿರುವ ಆಯ್ಕೆಗಳಲ್ಲಿ ಕಾಗದದ ಮೇಲೆ ದೊಡ್ಡದಾಗಿ ಕಾಣುವುದೆಲ್ಲ ತಡವಾಗಿ ಕೈಗೆ ಬರುವಂಥದ್ದು. ಬೇಗ ಬರುವುದು ಚಿಕ್ಕದಾಗಿ ಕಾಣುತ್ತದೆ.

ಮೊದಲು ವಿಷಯ ಎಲ್ಲಿಗೆ ಬಂದು ನಿಂತಿದೆ ಅಂತ ನೋಡೋಣ. ಈ ರಸ್ತೆಗೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಜಮೀನುಗಳನ್ನು ಸರಿಯಾಗಿ ಮಾರೋಕಾಗಿಲ್ಲ, ಅಡವಿಟ್ಟು ಸಾಲ ತರೋಕಾಗಿಲ್ಲ, ಒಂದು ಶೆಡ್ಡು ಹಾಕೋಕೂ ಹಿಂದೆಮುಂದೆ ನೋಡಬೇಕಾಗಿದೆ. ಆಗ ಮದುವೆಯಾದವರ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ನಡುವೆ ಪರಿಸರ ಪರಿಣಾಮದ ವರದಿ ಸರಿಯಿಲ್ಲ ಅಂತ ಕೇಸು ನಡೆಯಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೆ ಅಧ್ಯಯನ ಮಾಡಿ ಅಂದಿತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಯೋಜನೆಗೆ ಹೊಸ ರೂಪ ಕೊಟ್ಟಿತು. ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್ ಆಯ್ತು. ರಸ್ತೆಯ ಅಗಲ 100 ಮೀಟರ್‌ನಿಂದ 65 ಮೀಟರ್‌ಗೆ ಇಳಿಯಿತು. ಮಿಕ್ಕ 35 ಮೀಟರ್ ಪಟ್ಟಿಯನ್ನು ವಾಣಿಜ್ಯ ಜಾಗ ಮಾಡಿ, ಜಮೀನು ಕಳೆದುಕೊಂಡವರಿಗೆ ಪಾಲು ಕೊಡುತ್ತೇವೆ ಅಂದರು. ಹೀಗೆ ಐದು ಬಗೆಯ ಪರಿಹಾರ ಮುಂದಿಟ್ಟಿದ್ದಾರೆ: ನಗದು, ಟಿಡಿಆರ್ (ಬೇರೆಯವರಿಗೆ ಮಾರಬಹುದಾದ ಕಟ್ಟುವ ಹಕ್ಕು), ಎಫ್‌ಎಆರ್ (ಉಳಿದ ಜಮೀನಿನಲ್ಲಿ ಹೆಚ್ಚು ಕಟ್ಟುವ ಹಕ್ಕು), ಶೇ. 40ರಷ್ಟು ಅಭಿವೃದ್ಧಿಪಡಿಸಿದ ವಸತಿ ಜಾಗ, ಶೇ. 35ರಷ್ಟು ವಾಣಿಜ್ಯ ಜಾಗ. ಡಿನೋಟಿಫೈ ಮಾಡೋದಿಲ್ಲ, ಅಂದರೆ ಸ್ವಾಧೀನದಿಂದ ಜಮೀನು ಕೈಬಿಡೋದಿಲ್ಲ, ಅಂತಲೂ ಹೇಳಿದ್ದಾರೆ. ಆರನೆಯದು ಅವರ ಪಟ್ಟಿಯಲ್ಲಿಲ್ಲ, ರೈತರ ಪಟ್ಟಿಯಲ್ಲಿದೆ: ಒಪ್ಪದೆ ಕೋರ್ಟಿಗೆ ಹೋಗುವುದು.

ಈ ಬರಹ ನಿಮಗೆ ಬೇಕಾದದ್ದನ್ನು ನೀವೇ ಆರಿಸಿಕೊಳ್ಳಲು. ರಸ್ತೆ ಬೇಕಾ ಬೇಡವಾ ಅನ್ನೋ ವಾದ ಬೇರೆ, ಅದಕ್ಕೆ ಇಲ್ಲಿ ಕೈ ಹಾಕಿಲ್ಲ.

ಯಾವುದರಿಂದ ಅಳೆಯೋದು

ನಾನು ಐದು ಅಳತೆಗೋಲು ಇಟ್ಟುಕೊಂಡಿದ್ದೇನೆ.

ಎಷ್ಟು ಬೇಗ ಕೈಗೆ ಬರುತ್ತೆ? ಬಂದೇ ಬರುತ್ತೆ ಅನ್ನೋ ಖಾತ್ರಿ ಎಷ್ಟು? ಮನೆಯ ಪಾಲುದಾರರಿಗೆಲ್ಲ ಹಂಚೋಕೆ ಆಗುತ್ತಾ? ಜಮೀನು ಪೂರ್ತಿ ಹೋಗದೆ ಒಂದು ತುಂಡು ಉಳಿದರೆ ಅದರ ಗತಿಯೇನು? ಕೊನೆಯದು, ಇವತ್ತು ಸಹಿ ಹಾಕಿದರೆ ನಾಳೆ ಇನ್ನೂ ಹೆಚ್ಚು ಕೇಳುವ ದಾರಿ ತೆರೆದಿರುತ್ತಾ, ಮುಚ್ಚುತ್ತಾ?

ಇವುಗಳಲ್ಲಿ ಮೂರನೆಯದನ್ನು ಜನ ಮರೆಯುತ್ತಾರೆ, ಆಮೇಲೆ ಒದ್ದಾಡುತ್ತಾರೆ. ಪಹಣಿಯಲ್ಲಿ ಇನ್ನೂ ತಾತನ ಹೆಸರಿದೆ. ತಾತ ತೀರಿಕೊಂಡು ಇಪ್ಪತ್ತು ವರ್ಷ ಆಗಿದೆ. ಗಂಡುಮಕ್ಕಳು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಹೆಣ್ಣುಮಕ್ಕಳ ಹೆಸರು ಎಲ್ಲೂ ಇಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ, ದೇಶದಾದ್ಯಂತ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅಪ್ಪ ಬದುಕಿದ್ದನೋ ಇಲ್ಲವೋ ಅನ್ನೋದು ಅದಕ್ಕೆ ಅಡ್ಡಿಯಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಪರಿಹಾರದ ಚೆಕ್ಕು ಬರುವ ಹೊತ್ತಿಗೆ ಅಕ್ಕ ಒಂದು ತಕರಾರು ಅರ್ಜಿ ಕೊಟ್ಟರೆ ಸಾಕು, ದುಡ್ಡು ಸಿವಿಲ್ ಕೋರ್ಟಿಗೆ ಡೆಪಾಸಿಟ್ ಆಗುತ್ತದೆ. ಆಮೇಲೆ ಅದು ಬರುವುದು ಪಾರ್ಟಿಷನ್ ದಾವೆ ಮುಗಿದ ಮೇಲೆ. ಅಕ್ಕನದು ತಪ್ಪೇನಿಲ್ಲ, ಅವಳ ಪಾಲು ಅವಳು ಕೇಳಿದ್ದಾಳೆ ಅಷ್ಟೆ. ಹಾಗಾಗಿ ಯಾವ ಆಯ್ಕೆ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ), ವಂಶವೃಕ್ಷ, ಪೋಡಿ (ಅಳತೆ ಮಾಡಿ ಸರ್ವೆ ನಂಬರು ಬೇರೆ ಮಾಡೋದು) ಮುಗಿಸಿ. ಗ್ರಾಂಟ್ ಜಮೀನಾದರೆ ಪಿಟಿಸಿಎಲ್ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆ) ತೊಡಕಿದೆಯಾ ಅಂತ ನೋಡಿ. ಸೊಸೈಟಿ ಸಾಲ ಇದ್ದರೆ ತೀರಿಸಿ ಋಣ ತೆಗೆಸಿ.

ಒಂದು ಮನೆಯ ಲೆಕ್ಕ

ಗಾಳಿಯಲ್ಲಿ ಮಾತಾಡೋದು ಬೇಡ. ಒಂದು ಕುಟುಂಬ ಅಂದುಕೊಳ್ಳಿ. 1 ಎಕರೆ 10 ಗುಂಟೆ ಜಮೀನು. ಅದರಲ್ಲಿ 32 ಗುಂಟೆ ರಸ್ತೆಗೆ ಹೋಗುತ್ತದೆ. ರಸ್ತೆ ಓರೆಯಾಗಿ ಹಾಯುವುದರಿಂದ ಉಳಿದ 18 ಗುಂಟೆ ಎರಡಾಗಿ ಒಡೆಯುತ್ತದೆ: ಊರ ಕಡೆ 11, ಆಚೆ ಕಡೆ 7. ಬೋರ್‌ವೆಲ್ಲು ಆ 7 ಗುಂಟೆಯಲ್ಲಿದೆ, ಹಿಪ್ಪುನೇರಳೆ ಈ 11 ಗುಂಟೆಯಲ್ಲಿದೆ. ತಾಯಿ ಇದ್ದಾರೆ, ಮೂವರು ಗಂಡುಮಕ್ಕಳು (ಅವರಲ್ಲೊಬ್ಬನಿಗೆ ಸಾಲ ಇದೆ), ಇಬ್ಬರು ಹೆಣ್ಣುಮಕ್ಕಳು. ಲೆಕ್ಕಕ್ಕೆ ಸುಲಭವಾಗಲಿ ಅಂತ ಆರು ಸಮಪಾಲು ಅಂತಿಟ್ಟುಕೊಳ್ಳೋಣ.

ನಗದು

ಬೇಗ ಕೈಗೆ ಬರುವ ಸಾಧ್ಯತೆ ಇರುವುದು ಇದೊಂದಕ್ಕೇ. ಹಂಚೋದು ಸುಲಭ, ಆರು ಖಾತೆಗೆ ಆರು ಪಾಲು. ಮಗಳ ಮದುವೆ, ಆಸ್ಪತ್ರೆ, ಕೈಸಾಲ ಇರುವ ಮನೆಗೆ ಬೇರೆ ದಾರಿ ಹುಡುಕುವುದರಲ್ಲಿ ಅರ್ಥವಿಲ್ಲ.

ಲೆಕ್ಕ ನಿಂತಿರುವುದು ಮಾರ್ಗಸೂಚಿ ದರದ ಮೇಲೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆಯ ಮೇಲೆ. ಇಷ್ಟು ಪಟ್ಟು ಅಂತ ಕೊಡ್ತಾರೆ. ನಿಮ್ಮ ಊರು ನಗರ ಪ್ರದೇಶದ ಲೆಕ್ಕಕ್ಕೋ ಗ್ರಾಮೀಣದ ಲೆಕ್ಕಕ್ಕೋ ಅನ್ನುವುದರ ಮೇಲೆ ಪಟ್ಟು ಬದಲಾಗುತ್ತದೆ. ಆದ್ದರಿಂದ ಪಟ್ಟು ಕೇಳಿ ಖುಷಿಪಡುವ ಮೊದಲು ಮೂಲದರ ಯಾವ ವರ್ಷದ್ದು ಅಂತ ಕೇಳಿ. ರಾಜ್ಯದಲ್ಲಿ ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಿಂದ ಏರಿದೆ. ಹಳೇ ದರದ ಮೂರು ಪಟ್ಟಿಗಿಂತ ಹೊಸ ದರದ ಎರಡು ಪಟ್ಟು ಜಾಸ್ತಿ ಆಗುವ ಊರುಗಳೂ ಇರಬಹುದು. ನಿಮ್ಮ ಜಮೀನನ್ನು ಖುಷ್ಕಿ (ಮಳೆಯಾಶ್ರಿತ) ಅಂತ ಹಾಕಿದ್ದಾರೋ ಬಾಗಾಯ್ತು (ತೋಟ) ಅಂತ ಹಾಕಿದ್ದಾರೋ ಅದನ್ನೂ ನೋಡಿ. ಬೋರ್‌ವೆಲ್ಲು, ತೆಂಗು, ಮಾವು, ಹುಳ ಸಾಕುವ ಮನೆ, ಕಾಂಪೌಂಡು, ಇವಕ್ಕೆಲ್ಲ ಜಮೀನಿನ ದರದ ಹೊರಗೆ ಬೇರೆ ಬೆಲೆ ಕಟ್ಟಬೇಕು. ಜಂಟಿ ಅಳತೆಗೆ ಬಂದ ದಿನ ಅಧಿಕಾರಿಗಳು ಬರೆದುಕೊಂಡದ್ದೇ ಕೊನೆಗೆ ಲೆಕ್ಕ. ಅವತ್ತು ಜಮೀನಿನಲ್ಲಿ ಇರಿ. ಫೋಟೋ ತೆಗೆಯಿರಿ. ಹದಿನಾಲ್ಕು ತೆಂಗಿನಮರ ಇದ್ದರೆ ಹದಿನಾಲ್ಕು ಅಂತ ಬರೆದ ಮೇಲೇ ಸಹಿ ಹಾಕಿ.

ಪಕ್ಕದೂರಿನ ದರದೊಂದಿಗೆ ಹೋಲಿಸುವವರಿಗೆ ಒಂದು ಮಾತು. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಸ್ಯಾಟಲೈಟ್ ಟೌನ್ ರಿಂಗ್ ರೋಡಿಗೆ ಜಮೀನು ಕೊಟ್ಟವರದು ಬೇರೆ ಕಾನೂನು. ಅದು ರಾಷ್ಟ್ರೀಯ ಹೆದ್ದಾರಿ, ಅಲ್ಲಿ 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶೇ. 100 ಸಾಂತ್ವನ ಧನ (ಕಡ್ಡಾಯವಾಗಿ ಜಮೀನು ತಗೊಂಡದ್ದಕ್ಕೆ ಮೇಲೆ ಕೊಡುವ ಹಣ) ಇದೆ, ಹಳ್ಳಿಗಾಡಿನಲ್ಲಿ ಎರಡರವರೆಗೆ ಗುಣಕವೂ ಇದೆ. ನಮ್ಮದು ಬಿಡಿಎ ಸ್ವಾಧೀನ. 1976ರ ಬಿಡಿಎ ಕಾಯ್ದೆ 1894ರ ಹಳೇ ಭೂಸ್ವಾಧೀನ ಕಾನೂನನ್ನು ಕೈಹಿಡಿದು ನಡೆಯುತ್ತದೆ. ಬಿಡಿಎಗೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಒಂದೇ ಹೋಬಳಿಯ ಎರಡು ಊರು, ಒಂದೇ ಕೆಂಪು ಮಣ್ಣು, ಅದೇ ರಾಗಿ. ರಸ್ತೆ ಮಾಡುವವರು ಬೇರೆ ಅಂತ ದರ ಬೇರೆ. ಇದು ಅನ್ಯಾಯ ಅಂತ ರೈತರು ಕೂಗುತ್ತಿರುವುದು ಸುಮ್ನೆ ಅಲ್ಲ. ಆದರೆ ಸಹಿ ಹಾಕುವ ಮೇಜಿನ ಮುಂದೆ ಕೂತಾಗ ನಿಮಗೆ ಅನ್ವಯಿಸುವ ಲೆಕ್ಕ ಯಾವುದು ಅನ್ನೋದು ತಿಳಿದಿರಬೇಕು.

ನಗದಿನ ದೊಡ್ಡ ಕೊರತೆ, ಅದರಿಂದ ಅಷ್ಟೇ ಜಮೀನು ಮತ್ತೆ ಸಿಗೋದಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಬೆಂಗಳೂರಿನ ದುಡ್ಡು ಈಗ ಗೌರಿಬಿದನೂರು, ಮಧುಗಿರಿ, ಚಿಂತಾಮಣಿವರೆಗೂ ಹೋಗಿದೆ. ಬೇಸಾಯ ಬಿಡದವರು ಆ ಕಡೆ ಹುಡುಕಬೇಕು. ಹಾಲು ಕರೆದು ಡೈರಿಗೆ ಹಾಕಿ ಮನೆ ನಡೆಸುವವರಿಗೆ ಊರು ಬಿಟ್ಟು ಅಷ್ಟು ದೂರ ಹೋಗೋದು ಹೇಳಿದಷ್ಟು ಸುಲಭವಲ್ಲ, ಅಲ್ವಾ?

ಇನ್ನೊಂದು ಸಣ್ಣ ವಿಷಯ. ಬೇಸಾಯದಲ್ಲಿದ್ದ ಜಮೀನು ಹೀಗೆ ಕಡ್ಡಾಯವಾಗಿ ಹೋದರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯಲು ದಾರಿಗಳಿವೆ. ಅದಕ್ಕೆ ನೀವು ಬೇಸಾಯ ಮಾಡುತ್ತಿದ್ದಿರಿ ಅನ್ನೋದು ಕಾಗದದಲ್ಲಿ ಕಾಣಬೇಕು. ಪಹಣಿಯ ಬೆಳೆ ಕಾಲಂ ಖಾಲಿ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ದುಡ್ಡು ಬರುವ ಮೊದಲೇ ಒಬ್ಬ ಆಡಿಟರ್ ಹತ್ತಿರ ಕೂತು ಮಾತಾಡಿ.

ಶೇ. 40 ವಸತಿ ಜಾಗ

ಹೆಚ್ಚು ಜನ ಮರುಳಾಗುವುದು ಇದಕ್ಕೆ. ಎಕರೆಗೆ 40 ಗುಂಟೆ, ಅದರಲ್ಲಿ ಶೇ. 40 ಅಂದರೆ 16 ಗುಂಟೆ, ಗುಂಟೆಗೆ 1,089 ಚದರಡಿ, ಒಟ್ಟು 17,424 ಚದರಡಿ. ಹೀಗಂತ ಜಗಲಿ ಮೇಲೆ ಕೂತು ಲೆಕ್ಕ ಹಾಕ್ತಾರೆ. ಬಿಡಿಎ ಹಾಗೆ ಲೆಕ್ಕ ಹಾಕುವುದಿಲ್ಲ, ಅಥವಾ ಇಲ್ಲಿಯವರೆಗೆ ಹಾಕಿಲ್ಲ.

ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಜಮೀನು ಕೊಟ್ಟವರಿಗೆ ಎಕರೆಗೆ ಸಿಕ್ಕ ಅಳತೆ 9,583 ಚದರಡಿ. ಅದು ಹೇಗೆ ಬಂತು ನೋಡಿ. ಎಕರೆ ಅಂದರೆ 43,560 ಚದರಡಿ. ಬಡಾವಣೆ ಮಾಡುವಾಗ ರಸ್ತೆ, ಪಾರ್ಕು, ಚರಂಡಿ, ಸಾರ್ವಜನಿಕ ಜಾಗಕ್ಕೆ ಶೇ. 45 ಹೋಗುತ್ತದೆ. ಸೈಟುಗಳಿಗೆ ಉಳಿಯೋದು ಶೇ. 55, ಅಂದರೆ 23,958. ಅದರ ಶೇ. 40 ಅಂದರೆ 9,583. ನೀವು ಅಂದುಕೊಂಡದ್ದರ ಹತ್ತಿರ ಹತ್ತಿರ ಅರ್ಧ.

ನಮ್ಮ 32 ಗುಂಟೆಯ ಕುಟುಂಬಕ್ಕೆ ಇದನ್ನು ಹಚ್ಚಿ ನೋಡೋಣ. ಕೆಂಪೇಗೌಡ ಬಡಾವಣೆಯ ಲೆಕ್ಕದಲ್ಲಾದರೆ ಸುಮಾರು 7,666 ಚದರಡಿ: 30x40ರ ಆರು ಸೈಟು, ಮೇಲೆ ಒಂದಿಷ್ಟು ಚಿಲ್ಲರೆ. ಒಟ್ಟು ಜಮೀನಿನ ಶೇ. 40 ಆದರೆ 13,939 ಚದರಡಿ: ಹನ್ನೊಂದು ಸೈಟು. ಆರಕ್ಕೂ ಹನ್ನೊಂದಕ್ಕೂ ಎಲ್ಲಿಂದೆಲ್ಲಿಗೆ ವ್ಯತ್ಯಾಸ! ಆದ್ದರಿಂದ "ಯಾವುದರ ಶೇ. 40?" ಅನ್ನೋ ಪ್ರಶ್ನೆಯನ್ನು ಬಾಯಲ್ಲಿ ಕೇಳಬೇಡಿ, ಅರ್ಜಿಯಲ್ಲಿ ಬರೆದು ಕೇಳಿ. ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ಜೊತೆಗೆ ಚಿಲ್ಲರೆ ಚದರಡಿಗೆ ದುಡ್ಡು ಕೊಡ್ತಾರಾ ಅಂತಲೂ ಕೇಳಿ.

ಎರಡನೇ ಪ್ರಶ್ನೆ, ಎಲ್ಲಿ ಕೊಡ್ತಾರೆ? ರಸ್ತೆ ಉದ್ದಕ್ಕೂ ಹರಿಯುವ ಯೋಜನೆ ಇದು. ನಿಮ್ಮ ಸೈಟು ನಿಮ್ಮೂರಲ್ಲೇ ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಎಲ್ಲೋ ಒಂದು ಬಡಾವಣೆಯ ಒಂದು ಬ್ಲಾಕಿನಲ್ಲಿ ಕೊಡಬಹುದು.

ಮೂರನೆಯದು, ಯಾವಾಗ? ಇಲ್ಲಿ ಬಿಡಿಎ ಚರಿತ್ರೆ ನಿಮ್ಮ ಕಣ್ಣ ಮುಂದೆಯೇ ಇದೆ. ಯಲಹಂಕ ಕಡೆಯ ಶಿವರಾಮ ಕಾರಂತ ಬಡಾವಣೆಗೆ ಅಧಿಸೂಚನೆ ಬಂದದ್ದು 2008ರಲ್ಲಿ. ಹೈಕೋರ್ಟು ತಳ್ಳಿಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟು ಮುಂದುವರಿಸಿ ಅಂದಿತು. ಹತ್ತು ವರ್ಷ ಅಲ್ಲೇ ಹೋಯಿತು. ಅಭಿವೃದ್ಧಿಪಡಿಸಿದ ಜಾಗ ಅಂದರೆ ನೀರು, ಕರೆಂಟು, ಒಳಚರಂಡಿ ಇರುವ ಜಾಗ. ಕಲ್ಲು ನೆಟ್ಟು ನಂಬರ್ ಬರೆದ ಮಾತ್ರಕ್ಕೆ ಅಭಿವೃದ್ಧಿ ಆಗೋದಿಲ್ಲ.

ಇಷ್ಟೆಲ್ಲ ಹೇಳಿದರೂ, ಕಾಯಬಲ್ಲವರಿಗೆ ಈ ಐದರಲ್ಲಿ ನನಗೆ ಹೆಚ್ಚು ಹಿಡಿಸುವುದು ಇದೇ. ಒಬ್ಬ ಮಗನಿಗೋ ಸೊಸೆಗೋ ಸಂಬಳ ಇದೆ, ಕೈಸಾಲ ಇಲ್ಲ, ಬೇರೆ ಕಡೆ ಒಂದಿಷ್ಟು ಜಮೀನಿದೆ ಅಂದರೆ ಸೈಟೇ ಸರಿ. ಆರು ಜನಕ್ಕೆ ಆರು ಸೈಟು ಬಂದರೆ ಹೆಣ್ಣುಮಕ್ಕಳಿಗೂ ಕಣ್ಣಿಗೆ ಕಾಣುವ ಪಾಲು ಸಿಕ್ಕಂತಾಯ್ತು. ಹಂಚಿಕೆ ಪತ್ರದಲ್ಲಿ ಎಲ್ಲರ ಹೆಸರೂ ಬರುವಂತೆ ನೋಡಿಕೊಳ್ಳಿ. ದೊಡ್ಡಣ್ಣನ ಒಬ್ಬನ ಹೆಸರಿಗೆ ಬರಲಿ, ಆಮೇಲೆ ಹಂಚಿಕೊಳ್ಳೋಣ ಅನ್ನೋ ಮಾತಿಗೆ ಒಪ್ಪಬೇಡಿ. ದೊಡ್ಡಣ್ಣ ಎಷ್ಟೇ ಒಳ್ಳೆಯವನಾದರೂ.

ಶೇ. 35 ವಾಣಿಜ್ಯ ಜಾಗ

ಅಳತೆ ಕಡಿಮೆ, ಬೆಲೆ ಜಾಸ್ತಿ. 32 ಗುಂಟೆಗೆ ನೇರ ಲೆಕ್ಕದಲ್ಲಿ 11.2 ಗುಂಟೆ, ಅಂದರೆ 12,197 ಚದರಡಿ. ಇಲ್ಲೂ ಯಾವುದರ ಶೇ. 35 ಅನ್ನೋದನ್ನು ಕೇಳಲೇಬೇಕು.

ಇದರ ಭವಿಷ್ಯ ಪೂರ್ತಿ ರಸ್ತೆಯ ಮೇಲೆ ನಿಂತಿದೆ. ರಸ್ತೆ ಮುಗಿದು, ಅದಕ್ಕೆ ಹತ್ತಲು ಇಳಿಯಲು ನಿಮ್ಮ ಹತ್ತಿರವೇ ಜಾಗ ಇದ್ದರೆ ಚಿನ್ನ. ಬಳ್ಳಾರಿ ರಸ್ತೆಯನ್ನೋ ಹೊಸೂರು ರಸ್ತೆಯನ್ನೋ ಕೂಡುವ ಕಡೆ ಇದ್ದವರು ಧೈರ್ಯ ಮಾಡಬಹುದು. ಎರಡು ಜಂಕ್ಷನ್‌ಗಳ ನಡುವೆ, ಸರ್ವಿಸ್ ರಸ್ತೆಗೂ ಸರಿಯಾದ ದಾರಿ ಇಲ್ಲದ ಕಡೆ ವಾಣಿಜ್ಯ ಜಾಗ ಸಿಕ್ಕಿದರೆ ಅಲ್ಲಿ ಅಂಗಡಿ ಯಾರು ಹಾಕ್ತಾರೆ? ಟೋಲ್ ರಸ್ತೆಯಲ್ಲಿ ಓಡುವ ಕಾರು ನಿಮ್ಮ ಅಂಗಡಿ ಮುಂದೆ ನಿಲ್ಲುವುದಿಲ್ಲ.

ಚಿಕ್ಕ ಹಿಡುವಳಿದಾರರಿಗೆ ಇನ್ನೊಂದು ತೊಡಕು. ಸೈಟಾದರೆ ಆರು ಮಾಡಿ ಹಂಚಬಹುದು. ವಾಣಿಜ್ಯ ಜಾಗ ಒಂದೇ ತುಂಡಾಗಿ ಬಂದರೆ ಆರು ಜನ ಜಂಟಿ ಮಾಲೀಕರು. ಒಬ್ಬ ಮಾರೋಣ ಅಂತಾನೆ, ಒಬ್ಬಳು ಬಾಡಿಗೆಗೆ ಕೊಡೋಣ ಅಂತಾಳೆ, ಇನ್ನೊಬ್ಬ ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಅಂತಾನೆ. 10 ಗುಂಟೆ ಕಳೆದುಕೊಳ್ಳುವವರಿಗೆ ಸಿಗುವುದೋ ಮೂರೂವರೆ ಗುಂಟೆ. ಅದನ್ನು ಅಕ್ಕಪಕ್ಕದವರದ್ದರ ಜೊತೆ ಸೇರಿಸಿ ಕೊಡ್ತಾರಾ, ಬೇರೆಯಾಗಿ ಕೊಡ್ತಾರಾ ಅಂತ ವಿಚಾರಿಸಿ.

ಎರಡು ಮೂರು ಎಕರೆ ಕೊಡುವವರು, ಮನೆಯಲ್ಲಿ ವ್ಯವಹಾರ ಗೊತ್ತಿರುವವರು, ಹತ್ತು ವರ್ಷ ಇದರ ಕಡೆ ತಿರುಗಿಯೂ ನೋಡದೆ ಇರಬಲ್ಲವರು, ಇಂಥವರಿಗೆ ಇದು. ಮಿಕ್ಕವರು ಇದರ ಆಸೆ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಟಿಡಿಆರ್ ಮತ್ತು ಎಫ್‌ಎಆರ್

ಇವೆರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಎರಡರಲ್ಲೂ ನಿಮಗೆ ಸಿಗುವುದು ದುಡ್ಡಲ್ಲ, ಜಾಗವೂ ಅಲ್ಲ, ಕಟ್ಟುವ ಹಕ್ಕು. ಟಿಡಿಆರ್‌ನಲ್ಲಿ ಆ ಹಕ್ಕು ಒಂದು ಸರ್ಟಿಫಿಕೇಟ್ ಆಗಿ ಬರುತ್ತದೆ. ಅದನ್ನು ನೀವು ಬೇರೆಯವರಿಗೆ ಮಾರಬಹುದು. ಕೊಳ್ಳುವವರು ಬಿಲ್ಡರ್‌ಗಳು, ನಗರದಲ್ಲಿ ಎರಡು ಮೂರು ಅಂತಸ್ತು ಹೆಚ್ಚು ಎಬ್ಬಿಸಲು ಅವರಿಗೆ ಬೇಕು. ಎಫ್‌ಎಆರ್‌ನಲ್ಲಿ ಆ ಹೆಚ್ಚುವರಿ ಹಕ್ಕು ನಿಮ್ಮ ಉಳಿದ ಜಮೀನಿಗೇ ಅಂಟಿಕೊಳ್ಳುತ್ತದೆ.

ಟಿಡಿಆರ್‌ಗೆ ಸರ್ಕಾರ ಕಟ್ಟುವ ಬೆಲೆ ಒಂದು, ಮಾರುಕಟ್ಟೆಯಲ್ಲಿ ಸಿಗುವ ಬೆಲೆ ಇನ್ನೊಂದು. ಒಂದೇ ಯೋಜನೆಯಿಂದ ನೂರಾರು ಸರ್ಟಿಫಿಕೇಟ್ ಒಟ್ಟಿಗೆ ಹೊರಬಂದರೆ ಬೆಲೆ ಏನಾಗುತ್ತೆ ಅಂತ ಟೊಮೆಟೊ ಬೆಳೆದವರಿಗೆ ಹೇಳಬೇಕಾಗಿಲ್ಲ. ಸರ್ಕಾರವೇ ದುಡ್ಡು ಕಟ್ಟಿಸಿಕೊಂಡು ಬಿಲ್ಡರ್‌ಗಳಿಗೆ ಪ್ರೀಮಿಯಂ ಎಫ್‌ಎಆರ್ ಕೊಟ್ಟರಂತೂ ರೈತನ ಸರ್ಟಿಫಿಕೇಟ್ ಕೇಳುವವರು ಇನ್ನೂ ಕಡಿಮೆ. ನಡುವೆ ಬ್ರೋಕರ್‌ಗಳು ಬರ್ತಾರೆ. ಮುಂಗಡ ಕೊಟ್ಟು ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆಸಿಕೊಂಡು ಹೋಗ್ತಾರೆ. ನನ್ನ ಸಲಹೆ ಇಷ್ಟೇ: ಕೊಳ್ಳುವವರು ಯಾರು, ಎಷ್ಟಕ್ಕೆ ಅನ್ನೋದು ಗೊತ್ತಿಲ್ಲದೆ ಟಿಡಿಆರ್ ಆರಿಸಬೇಡಿ. ಜಿಪಿಎಗಂತೂ ಸಹಿ ಹಾಕಲೇಬೇಡಿ.

ಎಫ್‌ಎಆರ್ ಕೆಲಸಕ್ಕೆ ಬರುವುದು ಒಂದೇ ಸಂದರ್ಭದಲ್ಲಿ. ರಸ್ತೆ ಬದಿಯಲ್ಲಿ ನಿಮ್ಮದೊಂದು ಒಳ್ಳೆಯ ತುಂಡು ಉಳಿದಿರಬೇಕು, ಅಲ್ಲಿ ಕಟ್ಟಲು ಮಾಸ್ಟರ್ ಪ್ಲ್ಯಾನ್ ಒಪ್ಪಬೇಕು, ಕಟ್ಟಲು ನಿಮ್ಮ ಹತ್ತಿರ ದುಡ್ಡಿರಬೇಕು. ನಮ್ಮ ಕುಟುಂಬದ 11 ಗುಂಟೆ ಹಸಿರು ವಲಯದಲ್ಲಿದ್ದರೆ ಆ ಹೆಚ್ಚುವರಿ ಎಫ್‌ಎಆರ್ ತಗೊಂಡು ಹಿಪ್ಪುನೇರಳೆ ಮೇಲೆ ಹಿಪ್ಪುನೇರಳೆ ಬೆಳೆಯೋಕಾಗುತ್ತಾ?

ಕೋರ್ಟು

ಒಪ್ಪದೆ ಇರುವವರು ಎರಡು ಬಗೆ. ರಸ್ತೆಯೇ ಬೇಡ, ಜಮೀನು ಬಿಡಿ ಅನ್ನುವವರು ಒಂದು. ದುಡ್ಡು ಸಾಲದು ಅನ್ನುವವರು ಇನ್ನೊಂದು.

ಮೊದಲನೆಯವರು ದೇವನಹಳ್ಳಿಯ ಉದಾಹರಣೆ ಕೊಡ್ತಾರೆ. ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ನಿಜ, ಅದು ದೊಡ್ಡ ಗೆಲುವು. ಆದರೆ ಅದು ಕೈಗಾರಿಕೆಗೆ ಕೇಳಿದ ಜಮೀನು, ಒಂದು ಹೋಬಳಿಯ ಒತ್ತಾದ ಊರುಗಳು, ಬಹುಪಾಲು ಜನ ಒಟ್ಟಾಗಿ ನಿಂತರು. ಅವರು ಗೆದ್ದದ್ದೂ ಕೋರ್ಟಿನಲ್ಲಲ್ಲ, ಬೀದಿಯಲ್ಲಿ. ನಮ್ಮದು 70 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆ. ಒಂದು ತುದಿಯವರಿಗೆ ಇನ್ನೊಂದು ತುದಿಯವರ ಪರಿಚಯವೇ ಇಲ್ಲ. ಒಗ್ಗಟ್ಟು ಕಟ್ಟುವುದು ಅಷ್ಟು ಕಷ್ಟ.

ಎರಡನೆಯವರು ಒಂದು ಕಹಿ ಲೆಕ್ಕ ಅರಿತಿರಬೇಕು. 1894ರ ಕಾನೂನಿನಲ್ಲಿ ಜಮೀನಿನ ಬೆಲೆ ನಿಲ್ಲುವುದು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ. ಅಂದರೆ ನಿಮ್ಮ ಸರ್ವೆ ನಂಬರು 2005ರ ಪಟ್ಟಿಯಲ್ಲಿದ್ದರೆ 2005ರ ಬೆಲೆ. ಅದರ ಮೇಲೆ ಶೇ. 30 ಸಾಂತ್ವನ ಧನ, ವರ್ಷಕ್ಕೆ ಶೇ. 12ರಂತೆ ಹೆಚ್ಚುವರಿ ಮೊತ್ತ, ಬಡ್ಡಿ ಎಲ್ಲ ಸೇರುತ್ತದೆ. ಆದರೂ ಇವತ್ತಿನ ದರಕ್ಕೆ ಸಮ ಆಗುತ್ತಾ ಅನ್ನೋದನ್ನು ನಿಮ್ಮ ವಕೀಲರ ಕೈಲಿ ಕಾಗದದ ಮೇಲೆ ಹಾಕಿಸಿ ನೋಡಿ. ಈಗಿನ ಐದು ಆಯ್ಕೆ ಬಂದಿರುವುದೇ ಆ ಹಳೇ ಲೆಕ್ಕಕ್ಕೆ ಯಾರೂ ಒಪ್ಪುವುದಿಲ್ಲ ಅಂತ. ಹಾಗಾಗಿ ಅವಸರದಲ್ಲಿ ಎಲ್ಲವನ್ನೂ ತಳ್ಳಿಹಾಕಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಅದೇ ಹಳೇ ಲೆಕ್ಕ.

ಕೋರ್ಟು ಯಾರಿಗೆ ಸರಿ ಅಂದರೆ, ನಿರ್ದಿಷ್ಟ ತಕರಾರು ಇರುವವರಿಗೆ. ಜಂಟಿ ಅಳತೆಯಲ್ಲಿ ನಾಲ್ಕು ಗುಂಟೆ ಕಡಿಮೆ ಬರೆದಿದ್ದಾರೆ, ಮನೆಯನ್ನು ಲೆಕ್ಕಕ್ಕೇ ತಗೊಂಡಿಲ್ಲ, ನೋಟಿಸು ಸತ್ತವರ ಹೆಸರಿಗೆ ಕೊಟ್ಟಿದ್ದಾರೆ, ಪಕ್ಕದ ದೊಡ್ಡವರ ಜಮೀನು ತಪ್ಪಿಸಿ ನಿಮ್ಮ ಕಡೆ ರಸ್ತೆ ತಿರುಗಿಸಿದ್ದಕ್ಕೆ ಹಳೇ ನಕ್ಷೆಯ ದಾಖಲೆ ಇದೆ. ಇಂಥದ್ದಿದ್ದರೆ ಹೋಗಿ.

ಇಲ್ಲೇ ಐದನೇ ಅಳತೆಗೋಲು ಬರುತ್ತದೆ. ಮಾಮೂಲಿ ಐತೀರ್ಪಿನ (ಭೂಸ್ವಾಧೀನಾಧಿಕಾರಿ ಪರಿಹಾರ ನಿಗದಿ ಮಾಡುವ ಆದೇಶದ) ದುಡ್ಡನ್ನು ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ ಅಂತ ಬರೆದು ತಗೊಂಡರೆ, ಗಡುವಿನೊಳಗೆ ಅರ್ಜಿ ಕೊಟ್ಟು ಹೆಚ್ಚಿನ ಪರಿಹಾರಕ್ಕೆ ಸಿವಿಲ್ ಕೋರ್ಟಿಗೆ ಕಳಿಸಿ ಅಂತ ಕೇಳಬಹುದು. ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದರೆ ಆ ಬಾಗಿಲು ಮುಚ್ಚಿತು. ಈಗಿನ ಐದೂ ಆಯ್ಕೆಗಳು ಒಪ್ಪಿಗೆಯ ಮೇಲೆ ನಿಂತಿವೆ. ನಿಮ್ಮ ಮುಂದಿಟ್ಟ ಹಾಳೆಯಲ್ಲಿ ಕೇಸು ವಾಪಸ್ ಪಡೆಯುತ್ತೇನೆ, ಮುಂದೆ ಏನೂ ಕೇಳುವುದಿಲ್ಲ ಅನ್ನೋ ಸಾಲು ಎಲ್ಲಿದೆ ಅಂತ ಹುಡುಕಿ ಓದಿ.

ಉಳಿದ ತುಂಡು, ಮತ್ತೆ ಜಮೀನಿಲ್ಲದವರು

ಆ 11 ಮತ್ತು 7 ಗುಂಟೆಗೆ ಬರೋಣ. ಬೋರ್‌ವೆಲ್ಲು ಒಂದು ಕಡೆ, ಬೆಳೆ ಇನ್ನೊಂದು ಕಡೆ. ನಡುವೆ 65 ಮೀಟರ್ ರಸ್ತೆ. ಇದಕ್ಕೆ ಐದು ಆಯ್ಕೆಯಲ್ಲಿ ಯಾವುದೂ ತಾನಾಗಿ ಉತ್ತರ ಕೊಡುವುದಿಲ್ಲ. ನೀವೇ ಕೇಳಬೇಕು. ಉಳುಮೆಗೆ ಬಾರದ 7 ಗುಂಟೆಯನ್ನೂ ಸ್ವಾಧೀನಕ್ಕೆ ಸೇರಿಸಿ ಅಂತ ಅರ್ಜಿ ಕೊಡಬಹುದು. ಅದಾಗದಿದ್ದರೆ ರಸ್ತೆ ಅಡಿಯಲ್ಲಿ ಪೈಪು ಹಾಯಿಸಲು ಕೊಳವೆಗೆ ಜಾಗ ಬಿಡಿ, ಜಮೀನು ತುಂಡಾದ ನಷ್ಟಕ್ಕೆ ಬೇರೆ ಪರಿಹಾರ ಕೊಡಿ ಅಂತ ಕೇಳಬೇಕು. ಜಮೀನು ತುಂಡಾಗುವ ನಷ್ಟವನ್ನು ಹಳೇ ಕಾನೂನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಊರಿಗೆ ಬೇಕಾದದ್ದನ್ನು ಒಬ್ಬೊಬ್ಬರೇ ಕೇಳಿದರೆ ಆಗೋದಿಲ್ಲ. ದನ ಹೊಡೆಯುವ ದಾರಿ, ಸ್ಮಶಾನದ ದಾರಿ, ಟ್ರ್ಯಾಕ್ಟರ್ ಹೋಗುವಷ್ಟು ಎತ್ತರದ ಅಂಡರ್‌ಪಾಸ್, ಕೆರೆಗೆ ನೀರು ಬರುವ ಕಾಲುವೆ. ಕಾಲುವೆಗೆ ಅಡ್ಡ ಮಣ್ಣು ಏರಿಸಿ ಚಿಕ್ಕ ಮೋರಿ ಇಟ್ಟರೆ ಮೊದಲ ದೊಡ್ಡ ಮಳೆಗೇ ಮೇಲಿನ ಹೊಲಗಳಲ್ಲಿ ನೀರು ನಿಲ್ಲುತ್ತದೆ, ಕೆಳಗಿನ ಕೆರೆ ಒಣಗುತ್ತದೆ. ಗ್ರಾಮ ಪಂಚಾಯ್ತಿಯಲ್ಲಿ ನಿರ್ಣಯ ಮಾಡಿಸಿ, ಸರ್ವೆ ನಕ್ಷೆಯ ಮೇಲೆ ಗುರುತು ಹಾಕಿ ಕೊಡಿ. ಪರಿಹಾರದ ಸಹಿಗೆ ಮೊದಲು ಇದನ್ನು ಮಾಡಿದರೆ ಕಿವಿಗೊಡ್ತಾರೆ.

ರೆವಿನ್ಯೂ ಸೈಟು (ಬಡಾವಣೆಗೆ ಅನುಮೋದನೆ ಇಲ್ಲದ ಜಮೀನಿನ ಸೈಟು) ಕೊಂಡು ಮನೆ ಕಟ್ಟಿದವರ ಪಾಡು ಬೇರೆ. ಅವರಿಗೆ ಪಾಲಿನ ಜಾಗದ ಲೆಕ್ಕಗಳೆಲ್ಲ ದೂರದ ಮಾತು. 30x40ರ ಶೇ. 40 ಅಂದರೆ 480 ಚದರಡಿ, ಅದರಲ್ಲಿ ಏನು ಕಟ್ಟೋದು? ಕಟ್ಟಡದ ಬೆಲೆ ಸರಿಯಾಗಿ ಬರೆಸಿ ನಗದು ತಗೊಳ್ಳೋದು, ಇಲ್ಲವೇ ಬದಲಿ ಸೈಟು ಅಂತ ಒಟ್ಟಾಗಿ ಕೇಳೋದು, ಇವೆರಡೇ ಅವರ ಮುಂದಿರುವುದು. ಕರೆಂಟ್ ಬಿಲ್ಲು, ಕಂದಾಯ ರಸೀದಿ, ಕ್ರಯಪತ್ರ ಎಲ್ಲ ಒಂದು ಫೈಲಿನಲ್ಲಿಡಿ. ಬಾಡಿಗೆಗೆ ಇರುವವರು, ವಾರಕ್ಕೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ) ಉಳುವವರು, ಕೂಲಿಗೆ ಹೋಗುವವರು ಈ ಐದು ಆಯ್ಕೆಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅವರ ಪರವಾಗಿಯೂ ಪಂಚಾಯ್ತಿ ನಿರ್ಣಯದಲ್ಲಿ ಒಂದು ಸಾಲು ಸೇರಿಸಿ.

ನಮ್ಮ ಉದಾಹರಣೆಯ ಕುಟುಂಬಕ್ಕೆ ನಾನಾದರೆ ಏನು ಹೇಳ್ತಿದ್ದೆ? ತಾಯಿಗೂ ಸಾಲವಿರುವ ಮಗನಿಗೂ ನಗದು, ಮಿಕ್ಕ ನಾಲ್ವರಿಗೆ ಸೈಟು. ಒಂದೇ ಸರ್ವೆ ನಂಬರಿನಲ್ಲಿ ಪಾಲುದಾರರು ಬೇರೆ ಬೇರೆ ಆಯ್ಕೆ ಮಾಡಲು ಬಿಡ್ತಾರಾ ಅನ್ನೋದನ್ನು ಮೊದಲು ಕೇಳಬೇಕು. ಅದಕ್ಕೇ ಮೊದಲು ರಿಜಿಸ್ಟರ್ಡ್ ವಿಭಾಗ ಪತ್ರವನ್ನೂ ಮಾಡಿಸಬೇಕು. ಬಿಡೋದಿಲ್ಲ ಅಂದರೆ, ಸಾಲವಿರುವ ಮಗನ ಪಾಲನ್ನು ಕಾಯಬಲ್ಲ ಅಕ್ಕನೋ ತಮ್ಮನೋ ಈಗಲೇ ನ್ಯಾಯವಾದ ಬೆಲೆಗೆ ಕೊಳ್ಳಬಹುದಾ ನೋಡಿ. ಅಧಿಸೂಚನೆ ಆದ ಜಮೀನನ್ನೇ ಬರೆದುಕೊಡೋಕಾಗೋದಿಲ್ಲ, ಮುಂದೆ ಬರುವ ಸೈಟಿನ ಹಕ್ಕಿಗೆ ಮನೆಯೊಳಗೆ ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕೆ ವಕೀಲರ ಸಲಹೆ ಬೇಕೇ ಬೇಕು. ಅದೂ ಆಗದಿದ್ದರೆ ಎಲ್ಲರೂ ನಗದೇ ತಗೊಳ್ಳಿ. ಒಬ್ಬನ ಸಾಲಕ್ಕೆ ಬಡ್ಡಿ ಏರುತ್ತಾ ಇದ್ದರೆ ಮಿಕ್ಕವರ ಸೈಟಿಗಾಗಿ ಅವನು ಕಾಯಲಾರ, ಜಗಳ ಅಲ್ಲಿಂದಲೇ ಶುರುವಾಗೋದು.

ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಗೆ ಹೋಗುವಾಗ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಸೀಲು, ತಾರೀಕು, ಸಹಿ ಹಾಕಿಸಿಕೊಂಡು ಬನ್ನಿ. ಸೀಲು ಹಾಕೋದಿಲ್ಲ ಅಂದರೆ ಅದೇ ದಿನ ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ರಸೀದಿ ಸಿಗುವಂತೆ ಅಂಚೆಯಲ್ಲಿ ಕಳಿಸಿ.